ಅಂಟು ಹಾಳೆಯ ಆಲ್ಬಮ್‌ನಲ್ಲಿ ಸಿಕ್ಕಿಕೊಂಡ ಹಳೇ ಫೋಟೋಗಳು: ಮಳೆಗಾಲದಲ್ಲಿ ಬಿಡಿಸಬಹುದೇ?

ಶರಾವತಿ_ಥಾಣೆ
ಎಲ್ಲರಿಗೂ ನಮಸ್ಕಾರ. 1980ರಿಂದ 95ರವರೆಗಿನ ಎಂಟು ಆಲ್ಬಮ್ ಇವೆ. ಬೇಸಿಗೆ ರಜೆಗೆ ಊರು, ಜೋಗ, ಗೋಕರ್ಣ, ಆಫೀಸಿನವರ ಮಾಥೇರಾನ್ ಪಿಕ್‌ನಿಕ್, ಬಿಲ್ಡಿಂಗಿನ ಗಣಪತಿ, ಎಲ್ಲ ಅದರಲ್ಲೇ. ಅಂಟು ಬಳಿದ ದಪ್ಪ ಹಾಳೆಯ ಮೇಲೆ ಫೋಟೋ ಇಟ್ಟು ತೆಳು ಪ್ಲಾಸ್ಟಿಕ್ ಎಳೆದು ಮುಚ್ಚುವ ಜಾತಿಯವು. ಹಾಳೆ ಹಳದಿಯಾಗಿದೆ, ಫೋಟೋ ಎದ್ದು ಬರುತ್ತಿಲ್ಲ, ಎರಡು ಆಲ್ಬಮ್‌ಗಳಲ್ಲಿ ಬಿಳಿ ಚುಕ್ಕೆ ಬಿದ್ದಿವೆ. ಚೌತಿಗೆ ಎಲ್ಲರೂ ಸೇರುತ್ತಾರೆ, ಅಷ್ಟರೊಳಗೆ ಬಿಡಿಸಿ, ಒರೆಸಿ, ಸ್ಕ್ಯಾನ್ ಮಾಡಿ ಹೊಸ ಆಲ್ಬಮ್‌ಗೆ ಹಾಕಬೇಕೆಂದಿದೆ. ಹೇಗೆ ಶುರು ಮಾಡಲಿ? ಫ್ರೀಜರ್‌ನಲ್ಲಿಟ್ಟರೆ ಅಂಟು ಬಿಡುತ್ತದೆ ಅನ್ನುತ್ತಾರೆ, ನಿಜವೇ?

ಡೊಂಬಿವಲಿ_ಈಸ್ಟ್
ಒಂದು ದಿನ ಒಳ್ಳೆ ಬಿಸಿಲು ಬಿದ್ದಾಗ ಬಾಲ್ಕನಿಯಲ್ಲಿ ಆಲ್ಬಮ್ ಬಿಚ್ಚಿಡಿ. ತೇವ ಹೋಗುತ್ತೆ, ಬೂಷ್ಟೂ ಸಾಯುತ್ತೆ. ಹಪ್ಪಳ ಒಣಗಿಸಿದಷ್ಟೇ ಸುಲಭ.

ನೆಗೆಟಿವ್_ಪೆಟ್ಟಿಗೆ
ಬಿಸಿಲು ಬೇಡವೇ ಬೇಡ. ಕಲರ್ ಪ್ರಿಂಟಿನಲ್ಲಿ ಮೂರು ಬಣ್ಣದ ಡೈ ಪದರಗಳಿವೆ, ನೇರ ಬಿಸಿಲು ಅವನ್ನೇ ತಿನ್ನುತ್ತದೆ. ಅದಲ್ಲದೆ ಚಿತ್ರವನ್ನು ಹಿಡಿದಿಟ್ಟಿರುವ ಮೇಲಿನ ಜೆಲಾಟಿನ್ (ಅಂಟಿನಂಥ ಪ್ರೋಟೀನ್) ಪದರ ಕಾಗದಕ್ಕಿಂತ ಬೇಗ ಒಣಗಿ ಕುಗ್ಗುತ್ತದೆ, ಫೋಟೋ ಸುರುಳಿ ಸುತ್ತುತ್ತದೆ, ಮೂಲೆಯಲ್ಲಿ ಬಿರುಕು ಬಿಡುತ್ತದೆ. ಮಳೆಗಾಲದ ಮುಂಬಯಿಯಲ್ಲಿ ಬಿಸಿಲು ಬಿದ್ದ ದಿನವೂ ಗಾಳಿಯ ತೇವ ಹಾಗೇ ಇರುತ್ತದೆ. ಸಂಜೆ ಒಳಗೆ ತಂದಾಗ ಕಾಗದ ಮತ್ತೆ ಹೀರಿಕೊಂಡಾಯಿತು.

ಶರಾವತಿಯವರೇ, ನಿಮ್ಮ ಪಟ್ಟಿಯ ಕ್ರಮವೇ ತಿರುಗಾಮುರುಗಾ ಆಗಬೇಕು. ಬಿಡಿಸಿ ಆಮೇಲೆ ಸ್ಕ್ಯಾನ್ ಅಲ್ಲ. ಹೇಗಿದೆಯೋ ಹಾಗೇ, ಹಾಳೆಯಲ್ಲಿ ಅಂಟಿಕೊಂಡಿರುವಾಗಲೇ ಸ್ಕ್ಯಾನ್ ಮಾಡಿ. ಬಿಡಿಸುವ ಕೆಲಸ ಡಿಸೆಂಬರ್ ಕೊನೆಗೋ ಜನವರಿಗೋ ಇರಲಿ. ಜೆಲಾಟಿನ್ ತೇವ ಕುಡಿದು ಮೆತ್ತಗಾಗಿರುವ ಈ ಎರಡು ತಿಂಗಳಲ್ಲಿ ಎಳೆದರೆ ಚಿತ್ರದ ಪದರವೇ ಪ್ಲಾಸ್ಟಿಕ್ ಜೊತೆ ಎದ್ದು ಬರುತ್ತದೆ. ಹಾಗೆ ಹೋದದ್ದನ್ನು ಯಾರೂ ಮರಳಿ ಅಂಟಿಸಲಾರರು.

ಕುಂದಾಪ್ರ_ಕುರ್ಲಾ
ಇದು ಸರಿ ಉಂಟು. ಪ್ಲಾಸ್ಟಿಕ್ ಸಲೀಸಾಗಿ ಎದ್ದರೆ ಮಾತ್ರ ಎತ್ತಿ, ಇಲ್ಲದಿದ್ದರೆ ಅದರ ಮೇಲಿಂದಲೇ ತೆಗೆಯಿರಿ. ಸ್ವಲ್ಪ ಹೊಳಪು ಬಂದರೆ ಬರಲಿ ಮಾರಾಯ್ರೆ, ಮುಖವೇ ಕಿತ್ತು ಬರುದಕ್ಕಿಂತ ಅದು ವಾಸಿ ಅಲ್ವಾ.

ಪುಣೇಕರ್_ಧಾರವಾಡ
ಫ್ರೀಜರ್ ಬಗ್ಗೆ ಕೇಳ್ಯಾರಲ್ಲ, ಅದಕ್ಕ ಯಾರೂ ಉತ್ತರ ಕೊಡಲಿಲ್ಲ. ಆ ಉಪಾಯ ಸುಳ್ಳಲ್ರಿ. ಥಂಡಿಗೆ ಹಳೇ ಅಂಟು ಗಟ್ಟಿಯಾಗಿ ಪುಡಿಪುಡಿ ಆಗ್ತದ, ಫೋಟೋ ಪಟ್ಟನೆ ಬಿಡ್ತದ. ಹಾಳೆ ಜಿಪ್ ಚೀಲದಾಗ ಹಾಕಿ, ಗಾಳಿ ಹೊರಗ ಒತ್ತಿ, ಒಂದೆರಡು ತಾಸು ಇಡಬೇಕು. ತಗದ ಕೂಡಲೇ, ಅಂಟು ಮತ್ತ ಮೆತ್ತಗಾಗೂದರಾಗ ಕೆಲಸ ಮುಗಿಸಬೇಕು.

ನೆಗೆಟಿವ್_ಪೆಟ್ಟಿಗೆ
@ಪುಣೇಕರ್_ಧಾರವಾಡ ನಿಮ್ಮ ಊರಿನ ಜನವರಿಗೆ ಸರಿ. ಥಾಣೆಯ ಆಗಸ್ಟಿನಲ್ಲಿ ಚೀಲ ಬಿಚ್ಚಿದ ಕ್ಷಣವೇ ತಣ್ಣಗಿನ ಫೋಟೋ ಮೇಲೆ ನೀರ ಹನಿ ಕೂರುತ್ತದೆ, ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವುದು ನೋಡಿದ್ದೀರಲ್ಲ. ಬೂಷ್ಟು ಹಿಡಿದ ಪ್ರಿಂಟಿಗೆ ಅಷ್ಟು ನೀರು ಸಾಕು. ಬೆವರದಿರಲಿ ಅಂತ ಚೀಲ ಮುಚ್ಚಿಯೇ ಕಾದರೆ ಹಾಳೆ ಕೋಣೆಯ ಬಿಸಿಗೆ ಬರುವಷ್ಟರಲ್ಲಿ ಅಂಟೂ ಮೊದಲಿನಂತಾಗುತ್ತದೆ. ಎರಡೂ ಕಡೆಯಿಂದ ಲಾಭವಿಲ್ಲ.

ಪುಣೇಕರ್_ಧಾರವಾಡ
ಏಸಿ ಕೋಣೆದಾಗ ಮಾಡಿದ್ರ?

ನೆಗೆಟಿವ್_ಪೆಟ್ಟಿಗೆ
ಮೂರ್ನಾಲ್ಕು ತಾಸು ತೇವ ತೆಗೆಯುವ ಡ್ರೈ ಮೋಡ್‌ನಲ್ಲಿ ಓಡಿಸಿ, ತೇವಮಾಪಕ (ಗಾಳಿಯ ತೇವವನ್ನು ಶೇಕಡಾದಲ್ಲಿ ತೋರಿಸುವ ಸಾಧನ) 50ಕ್ಕಿಂತ ಕೆಳಗೆ ತೋರಿಸಿದರೆ ಅಪಾಯ ಕಡಿಮೆ. ಆದರೂ ಫ್ರೀಜರ್ ಎರಡನೇ ಉಪಾಯವಾಗಿರಲಿ. ಮೊದಲನೆಯದು ದಾರ.

ಮಾಟುಂಗ_ಮಾಲಿನಿ
ದಾರದ ವಿಷಯ ಬಿಡಿಸಿ ಹೇಳಬೇಕು, ಎಲ್ಲರೂ "ಫ್ಲಾಸ್ ಹಾಕಿ" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ, ಕೈ ತಪ್ಪುವುದು ಅಲ್ಲೇ.

ಹಲ್ಲಿನ ಸಂದಿಗೆ ಬಳಸುವ ಫ್ಲಾಸ್, ಮೇಣ ಹಚ್ಚದ್ದು, ಪುದೀನ ವಾಸನೆ ಇಲ್ಲದ್ದು. ಒಂದಡಿಗಿಂತ ಸ್ವಲ್ಪ ಉದ್ದ ತುಂಡು ಮಾಡಿ ಎರಡೂ ತುದಿ ಬೆರಳಿಗೆ ಸುತ್ತಿಕೊಳ್ಳಿ. ಹಾಳೆ ಮೇಜಿನ ಮೇಲೆ ಪೂರ್ತಿ ಮಲಗಿರಬೇಕು. ಅಂಟು ಗೆರೆಗೆರೆಯಾಗಿ ಬಳಿದಿರುತ್ತಾರೆ, ಗೆರೆ ಯಾವ ದಿಕ್ಕಿಗಿದೆ ಎಂದು ಖಾಲಿ ಜಾಗದಲ್ಲಿ ನೋಡಿಕೊಳ್ಳಿ. ಸ್ವಲ್ಪ ಎದ್ದಿರುವ ಮೂಲೆಯಿಂದ ದಾರ ತೂರಿಸಿ, ಗರಗಸದಂತೆ ಆಚೀಚೆ, ನಿಧಾನ. ಒಂದು ಗೆರೆ ಕತ್ತರಿಸಿದಾಗ ದಾರ ಸಡಿಲಾಗುವುದು ಕೈಗೆ ತಿಳಿಯುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಜೋರು ಮಾಡದೆ ಎದುರು ಮೂಲೆಯಿಂದ ಬನ್ನಿ.

ಮುಖ್ಯ ಸಂಗತಿ: ಬಾಗಿಸುವುದಾದರೆ ಹಾಳೆಯನ್ನು ಬಾಗಿಸಬೇಕು, ಫೋಟೋವನ್ನಲ್ಲ. ಫೋಟೋ ಬಾಗಿದರೆ ಎದುರಿಗೆ ಬಿಳಿ ಗೀರು ಬೀಳುತ್ತದೆ, ಅದು ಹೋಗುವುದಿಲ್ಲ. ದಾರ ಕೇಳದ ಕಡೆ ಚಿತ್ರಕಲೆಯವರ ತೆಳು ಪ್ಯಾಲೆಟ್ ನೈಫ್ ಮಟ್ಟಸವಾಗಿ ತಳ್ಳಿ. ಮೊದಲು ಹಾಳಾದರೂ ಯಾರೂ ಅಳದ ಫೋಟೋ ಒಂದನ್ನು ಆರಿಸಿಕೊಳ್ಳಿ, ಕೈ ನಡುಗಿದ ಮಂಜು ಚಿತ್ರವೋ ಬೆರಳು ಅಡ್ಡ ಬಂದದ್ದೋ ಎಲ್ಲ ಆಲ್ಬಮ್‌ನಲ್ಲೂ ಇರುತ್ತದೆ.

ಡೊಂಬಿವಲಿ_ಈಸ್ಟ್
ಹೇರ್ ಡ್ರೈಯರ್ ಬಿಟ್ಟಿರಲ್ಲ? ಹತ್ತು ಸೆಕೆಂಡಿನ ಕೆಲಸ ಅದು.

ಮಾಟುಂಗ_ಮಾಲಿನಿ
ಬಿಟ್ಟದ್ದು ಬೇಕೆಂದೇ. ಅಂಟಿನ ಜಾತಿ ನೋಡಿಕೊಂಡು ಕೆಲವು ಸಲ ಕೆಲಸ ಮಾಡುತ್ತದೆ, ಕೆಲವು ಸಲ ಅಂಟು ಕರಗಿ ಫೋಟೋದ ಬೆನ್ನಿಗೆ ಇನ್ನೂ ಆಳಕ್ಕಿಳಿಯುತ್ತದೆ. ಎಪ್ಪತ್ತರ ದಶಕದಿಂದ ಈಚಿನ ಕಲರ್ ಪ್ರಿಂಟ್‌ಗಳ ಕಾಗದಕ್ಕೆ ಎರಡೂ ಕಡೆ ಪಾಲಿಥೀನ್ ಪದರವಿರುತ್ತದೆ, ಬಿಸಿಗೆ ಅದು ಗುಳ್ಳೆ ಏಳುತ್ತದೆ. ಮಾಡಲೇಬೇಕೆಂದರೆ ಅತಿ ಕಡಿಮೆ ಬಿಸಿ, ಹಾಳೆಯ ಹಿಂಬದಿಯಿಂದ, ಒಂದು ಗೇಣು ದೂರ, ಐದಾರು ಸೆಕೆಂಡು. ಎದುರಿನಿಂದ ಎಂದಿಗೂ ಇಲ್ಲ.

ವಾಸ್ಕೋ_ಕನ್ನಡಿಗ
ಬಿಳಿ ಚುಕ್ಕಿ ಬಗ್ಗೆ ಹೇಳ್ರಿ ಯಾರರ. ಇಲ್ಲಿ ಗೋವಾದಾಗ ಸಮುದ್ರದ ಗಾಳಿಗೆ ಎಲ್ಲಾರ ಮನ್ಯಾಗೂ ಇದ ಗೋಳು. ಒದ್ದಿ ಬಟ್ಟಿಲೆ ಒರಸಿದ್ರ ಹೋಗ್ತದೋ?

ನೆಗೆಟಿವ್_ಪೆಟ್ಟಿಗೆ
ಒದ್ದೆ ಬಟ್ಟೆ ಮುಟ್ಟಿಸಬೇಡಿ! ಬೂಷ್ಟು ಬೆಳೆಯುವಾಗ ಜೆಲಾಟಿನನ್ನೇ ಆಹಾರ ಮಾಡಿಕೊಳ್ಳುತ್ತದೆ, ಅದು ಹಿಡಿದ ಕಡೆ ಜೆಲಾಟಿನ್ ನೀರಿನಲ್ಲಿ ಕರಗುವ ಸ್ಥಿತಿಗೆ ಬಂದಿರುತ್ತದೆ. ಒಂದು ಸಲ ಒರೆಸಿದರೆ ಮುಖ ಬಟ್ಟೆಗೆ ಬರುತ್ತದೆ. ಮೊದಲು ಒಣ ಕೋಣೆಯಲ್ಲಿ ಎರಡು ಮೂರು ದಿನವಿಟ್ಟು ಬೂಷ್ಟು ಪುಡಿಯಂತಾಗಲು ಬಿಡಿ. ಆಮೇಲೆ ಮೂಗು ಬಾಯಿಗೆ ಎನ್-95 ಕಟ್ಟಿಕೊಂಡು, ಬಾಲ್ಕನಿಯಲ್ಲೋ ಟೆರೇಸಿನ ನೆರಳಲ್ಲೋ, ಮೆತ್ತನೆ ಬ್ರಶ್‌ನಿಂದ ಒಂದೇ ದಿಕ್ಕಿಗೆ ತಳ್ಳಿ. ಆ ಬ್ರಶ್ ಬೇರೆ ಆಲ್ಬಮ್‌ಗೆ ತಾಗಬಾರದು. ಬೂಷ್ಟು ಇರುವ ಎರಡು ಆಲ್ಬಮ್ ಇವತ್ತೇ ಉಳಿದ ಆರರಿಂದ ದೂರ ಹೋಗಲಿ.

ಒಣಗಿದ ಗಾಳಿಯಲ್ಲಿ ಬೂಷ್ಟು ಸಾಯುವುದಿಲ್ಲ, ಮಲಗುತ್ತದೆ. ತೇವ 65–70 ದಾಟಿದರೆ ಮತ್ತೆ ಏಳುತ್ತದೆ. ಮುಂಬಯಿಯಲ್ಲಿ ಜುಲೈ–ಆಗಸ್ಟ್ ಪೂರ್ತಿ 80ರ ಮೇಲೇ. ಹಾಗಾಗಿ ಇಲ್ಲಿ ಒರೆಸುವುದಕ್ಕಿಂತ ಇಡುವ ಜಾಗ ದೊಡ್ಡ ವಿಷಯ.

ಬೋರಿವಲಿ_ಬೆಳಗು
ಇಡುವುದಕ್ಕೆ ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್‌ನ ನಾಲ್ಕು ಪೊಟ್ಟಣ, ಜೊತೆಗೆ ನುಸಿಗುಳಿಗೆ. ಮುಗೀತು.

ಚೆಂಬೂರು_ಕೆಮಿಸ್ಟ್ರಿ
ಮುಗಿಯಲಿಲ್ಲ, ಲೆಕ್ಕ ನೋಡೋಣ. ಮಳೆಗಾಲದಲ್ಲಿ ಕಾಗದ ತನ್ನ ತೂಕದ ಶೇಕಡಾ ಹತ್ತರಷ್ಟು ನೀರು ಹಿಡಿದುಕೊಂಡಿರುತ್ತದೆ. ತೇವ 45–50ಕ್ಕೆ ಇಳಿದಾಗ ಅದು ಆರೇಳಕ್ಕೆ ಬರುತ್ತದೆ. ಅಂದರೆ 5 ಕಿಲೋ ಆಲ್ಬಮ್‌ಗಳು ಬಿಟ್ಟುಕೊಡಬೇಕಾದ ನೀರು ಸುಮಾರು 200 ಗ್ರಾಂ. ಆ ಮಟ್ಟದ ತೇವದಲ್ಲಿ ಸಿಲಿಕಾ ಜೆಲ್ ತನ್ನ ತೂಕದ ಐದನೇ ಒಂದು ಭಾಗದಷ್ಟು ನೀರು ಹಿಡಿಯುತ್ತದೆ. ಶೂ ಡಬ್ಬಿಯ ಪೊಟ್ಟಣ ಒಂದೆರಡು ಗ್ರಾಂ ಇರುತ್ತದೆ, ನಾಲ್ಕು ಹಾಕಿದರೆ ಏನೂ ಹಾಕದ ಹಾಗೆ. ನಿಜವಾಗಿ ಒಣಗಿಸಲು ಒಂದು ಕಿಲೋ ಬೇಕು. ಈಗ ತೇವ ಕುಡಿದ ಆಲ್ಬಮ್‌ಗಳನ್ನು ರಬ್ಬರ್ ಪಟ್ಟಿಯ ಡಬ್ಬಿಗೆ ತುಂಬಿ ಮುಚ್ಚಿದರೆ ಆ ತೇವವನ್ನು ಒಳಗೇ ಬಂಧಿಸಿದಂತಾಗುತ್ತದೆ, ಬೂಷ್ಟಿಗೆ ಇದಕ್ಕಿಂತ ಒಳ್ಳೆ ಮನೆ ಸಿಗದು.

ಸರಿಯಾದ ದಾರಿ: ಮೊದಲು ಕೋಣೆಯಲ್ಲೇ ಒಣಗಿಸಿ. ಆಲ್ಬಮ್‌ಗಳನ್ನು ನಿಲ್ಲಿಸಿ, ಹಾಳೆಗಳು ಬೀಸಣಿಗೆಯಂತೆ ಬಿಡಿಬಿಡಿಯಾಗಿರಲಿ, ಏಸಿ ಡ್ರೈ ಮೋಡ್, ಕಿಟಕಿ ಮುಚ್ಚಿ. ಏಸಿ ಇಲ್ಲದಿದ್ದರೆ ಜನವರಿಯ ಒಂದು ಒಣ ಮಧ್ಯಾಹ್ನದವರೆಗೆ ತೆರೆದ ಕಪಾಟಿನಲ್ಲೇ ಇರಲಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಎತ್ತರಕ್ಕೆ. ಒಣಗಿದ ಮೇಲೆ 20 ಲೀಟರ್ ಡಬ್ಬಿಗೆ 250 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ಡಿಜಿಟಲ್ ತೇವಮಾಪಕ. ಅಲ್ಲಿ ಜೆಲ್‌ನ ಕೆಲಸ ಕಾಯುವುದು ಮಾತ್ರ. ಮಾಪಕ 55 ದಾಟಿದರೆ ಜೆಲ್ ತೆಗೆದು 110–120 ಡಿಗ್ರಿಯಲ್ಲಿ ಎರಡು ತಾಸು ಓವನ್‌ನಲ್ಲಿಡಿ. ಕಿತ್ತಳೆ ಬಣ್ಣದ್ದು ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆಯ ಓವನ್‌ಗೆ ಅದು ಬೇಡ, ಮಕ್ಕಳ ಕೈಗೂ ಬೇಡ. ಮಾಪಕ 30ಕ್ಕಿಂತ ಕೆಳಗೆ ಇಳಿಯಲೂಬಾರದು, ಜೆಲಾಟಿನ್ ಸಿಡಿಯುತ್ತದೆ.

ನುಸಿಗುಳಿಗೆ, ಕರ್ಪೂರ ಎರಡೂ ಫೋಟೋ ಹತ್ತಿರ ಬೇಡ. ಅವುಗಳ ಆವಿ ಮುಚ್ಚಿದ ಡಬ್ಬಿಯಲ್ಲಿ ಮತ್ತೆ ಹರಳುಗಟ್ಟಿ ಪ್ರಿಂಟ್ ಮೇಲೆ ಕೂರುತ್ತದೆ, ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ.

ಬೋರಿವಲಿ_ಬೆಳಗು
ಹುಳ ಬಂದರೆ? ಆ ಬೆಳ್ಳಿ ಬಣ್ಣದ್ದು ಕಾಗದ ತಿನ್ನುತ್ತದಲ್ಲ.

ಚೆಂಬೂರು_ಕೆಮಿಸ್ಟ್ರಿ
ಅದು ತೇವ ಹುಡುಕಿಕೊಂಡೇ ಬರುವುದು. ಗೋಂದು, ಗಂಜಿ, ಜೆಲಾಟಿನ್ ಅದರ ಊಟ. ಡಬ್ಬಿ ಬಿಗಿಯಾಗಿ, ಒಳಗೆ 50ರ ಕೆಳಗೆ ಇದ್ದರೆ ಬಾಳುವುದಿಲ್ಲ.

ಪುಣೇಕರ್_ಧಾರವಾಡ
ಮಾರ್ಚ್ ಏಪ್ರಿಲ್‌ದಾಗ ಪುಣೆದ ಮಧ್ಯಾಹ್ನ ಕೊರಡಿನಂಗ ಒಣಾ ಇರ್ತದ್ರಿ. ಮುಂಬೈದವರು ಆಲ್ಬಮ್ ತಂದು ಇಲ್ಲಿ ಬೀಗರ ಮನ್ಯಾಗ ಬಿಡಿಸಿ, ಇಲ್ಲೇ ಡಬ್ಬಿ ಮುಚ್ಚಿ ಒಯ್ದರ ಅರ್ಧ ಕೆಲಸ ಹಗುರ. ಆದರ ಫ್ಯಾನಿನ ಕೆಳಗ ಇಡಬ್ಯಾಡ್ರಿ, ಭಾಳ ಜಲ್ದಿ ಒಣಗಿ ಸುರುಳಿ ಆಗ್ತಾವ.

ಕುಂದಾಪ್ರ_ಕುರ್ಲಾ
ಸ್ಕ್ಯಾನಿಂಗ್ ವಿಷಯಕ್ಕೆ ಬರುವ. ಚೌತಿಗೆ ಬೇಕಾದ್ದು ಅದೇ ಅಲ್ವಾ. ಮೊಬೈಲಲ್ಲೇ ಸಾಕು ಹೇಳುದು ನನ್ನ ಅಭಿಪ್ರಾಯ.

ನೆಗೆಟಿವ್_ಪೆಟ್ಟಿಗೆ
ಹಂಚಿಕೊಳ್ಳಲು ಸಾಕು, ಉಳಿಸಿಕೊಳ್ಳಲು ಸಾಲದು. 4×6 ಇಂಚಿನ ಪ್ರಿಂಟನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್, ಅಂದರೆ ಎಂಟೂವರೆ ಮೆಗಾಪಿಕ್ಸೆಲ್. ಆ ಕಾಲದ ಪ್ರಿಂಟಿನಲ್ಲಿ ಅದಕ್ಕಿಂತ ಹೆಚ್ಚು ವಿವರ ಇಲ್ಲ, 1200 ಹಾಕಿ ಡಿಸ್ಕ್ ತುಂಬಿಸಬೇಡಿ. ಎ4 ಗಾಜಿನ ಮೇಲೆ 4×6 ಮೂರು ಹಿಡಿಸುತ್ತವೆ, ಎರಡು ನಿಲ್ಲಿಸಿ ಒಂದು ಅಡ್ಡ. ಹಳೆಯ 3.5×5 ಅಳತೆಯವು ನಾಲ್ಕು.

ಸ್ಕ್ಯಾನರ್ ಕೊಳ್ಳುವಾಗ ಒಂದು ಎಚ್ಚರ. ಅಗ್ಗದ ತೆಳು ಸ್ಕ್ಯಾನರ್‌ಗಳಲ್ಲಿ ಸಿಐಎಸ್ ಎಂಬ ಬಗೆಯ ಸೆನ್ಸರ್ (ಚಿತ್ರ ಓದುವ ಭಾಗ) ಇರುತ್ತದೆ, ಗಾಜಿಗೆ ಪೂರ್ತಿ ತಾಗಿದ್ದು ಮಾತ್ರ ಸ್ಪಷ್ಟ. ಒಂದೆರಡು ಮಿಲಿಮೀಟರ್ ಎದ್ದರೂ ಮಂಜು. ಅಂಟು ಆಲ್ಬಮ್‌ನ ಉಬ್ಬಿದ ಹಾಳೆಗೆ, ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋಗೆ ಅದು ಬರುವುದಿಲ್ಲ. ಸಿಸಿಡಿ ಎಂಬ ಇನ್ನೊಂದು ಬಗೆಯ ಸೆನ್ಸರ್‌ನ ದಪ್ಪ ಫ್ಲಾಟ್‌ಬೆಡ್ (ಗಾಜಿನ ಮೇಲೆ ಫೋಟೋ ಮಲಗಿಸುವ ಸ್ಕ್ಯಾನರ್) ಬೇಕು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಫೋರ್ಟ್‌ನ ಬೋರಾ ಬಜಾರ್ ಕಡೆ ಕ್ಯಾಮರಾ ಅಂಗಡಿಗಳಲ್ಲಿ ವಿಚಾರಿಸಿ.

ಯಂತ್ರದ "ಆಟೋ ಕರೆಕ್ಷನ್", "ಶಾರ್ಪನ್" ಎರಡೂ ಆಫ್. ಸ್ಕ್ಯಾನ್ ಹೇಗೆ ಬಂತೋ ಹಾಗೇ ವಿವರ ಕಳೆಯದ ಟಿಫ್ ಫೈಲಿನಲ್ಲಿ ಒಂದು ಪ್ರತಿ (24 ಬಿಟ್‌ನಲ್ಲಿ 4×6ಕ್ಕೆ ಸುಮಾರು 26 ಎಂಬಿ), ಬಣ್ಣ ತಿದ್ದಿದ್ದು ಜೆಪೆಗ್‌ನಲ್ಲಿ ಬೇರೆ.

ಶರಾವತಿ_ಥಾಣೆ
ಬಣ್ಣ ಅಂದಾಗ ನೆನಪಾಯಿತು, ತುಂಬ ಫೋಟೋಗಳು ಇಟ್ಟಿಗೆ ಕೆಂಪಿಗೆ ತಿರುಗಿವೆ. ಕತ್ತಲಲ್ಲೇ ಇದ್ದವು, ಬಿಸಿಲು ತಾಗಿದ್ದಲ್ಲ.

ಚೆಂಬೂರು_ಕೆಮಿಸ್ಟ್ರಿ
ಅದು ಕತ್ತಲಲ್ಲೇ ನಡೆಯುವ ಮಾಸುವಿಕೆ. ಆಗಿನ ಅನೇಕ ಕಾಗದಗಳಲ್ಲಿ ಸಯಾನ್ (ನೀಲಿ-ಹಸಿರು) ಡೈ ದುರ್ಬಲ. ಬಿಸಿ, ತೇವ ಎರಡಕ್ಕೂ ಅದು ಮೊದಲು ಹೋಗುತ್ತದೆ, ಮಜೆಂಟಾ (ಗುಲಾಬಿ-ನೇರಳೆ), ಹಳದಿ ಉಳಿಯುತ್ತವೆ, ಕೆಂಪು ಕಾಣುತ್ತದೆ. ಪೂರ್ತಿ ಹೋಗಿಲ್ಲವಾದರೆ ಮರಳಿ ತರಬಹುದು. 48 ಬಿಟ್‌ನಲ್ಲಿ (ಬಣ್ಣದ ಹೆಚ್ಚು ಮೆಟ್ಟಿಲು ಹಿಡಿಯುವ ಆಯ್ಕೆ) ಸ್ಕ್ಯಾನ್ ಮಾಡಿ, ಫೋಟೋ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ ಲೆವೆಲ್ಸ್ ತೆರೆದು ಕೆಂಪು, ಹಸಿರು, ನೀಲಿ ಚಾನೆಲ್‌ಗಳ ತುದಿಯ ಗುರುತುಗಳನ್ನು ಒಂದೊಂದಾಗಿ ಅಲ್ಲಿ ಕಾಣುವ ನಕ್ಷೆಯ ಗುಡ್ಡದ ಅಂಚಿಗೆ ಎಳೆಯಿರಿ. ಬಿಳಿ ಅಂಗಿ, ಪಂಚೆ, ಸುಣ್ಣದ ಗೋಡೆ ಯಾವುದಾದರೊಂದು ಬಿಳಿಯಾಗಿ ಬಂದರೆ ಉಳಿದದ್ದು ತಾನೇ ಕೂರುತ್ತದೆ.

ನೆಗೆಟಿವ್ ಇದೆಯಾ? ಇದ್ದರೆ ಪ್ರಿಂಟ್ ಕೈಬಿಟ್ಟು ಅದಕ್ಕೇ ಹೋಗಿ. 35 ಎಂಎಂ ನೆಗೆಟಿವ್ 3200 ಡಿಪಿಐಗೆ ಹದಿಮೂರೂವರೆ ಮೆಗಾಪಿಕ್ಸೆಲ್ ಕೊಡುತ್ತದೆ.

ಕುಂದಾಪ್ರ_ಕುರ್ಲಾ
ಮೊಬೈಲ್ ಹೇಳಿದ್ದಕ್ಕೆ ಕಾರಣ ಉಂಟು. ಎಂಬತ್ತರ ದಶಕದಲ್ಲಿ ರೇಷ್ಮೆ ಫಿನಿಶ್ ಹೇಳಿ ಜೇನುಗೂಡಿನ ಹಾಗೆ ಸಣ್ಣ ಗುಳಿಗಳ ಪ್ರಿಂಟ್ ಕೊಡ್ತಿದ್ರು. ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬೀಳುದು, ಪ್ರತಿ ಗುಳಿಯೂ ಮಿನುಗುತ್ತದೆ, ಫೋಟೋ ತುಂಬ ಉಪ್ಪು ಚೆಲ್ಲಿದ ಹಾಗೆ. ಅಂಥದ್ದಕ್ಕೆ ಕ್ಯಾಮರಾವೇ ಒಳ್ಳೆಯದು. ಎರಡು ಬದಿಯಿಂದ 45 ಡಿಗ್ರಿಯಲ್ಲಿ ಎರಡು ಒಂದೇ ಬಗೆಯ ಎಲ್‌ಇಡಿ, ಮೇಲೆ ನೇರ ಕ್ಯಾಮರಾ, ಕೋಣೆಯ ಟ್ಯೂಬ್‌ಲೈಟ್ ಆಫ್. ಫ್ಲ್ಯಾಶ್ ಬೇಡ.

ನೆಗೆಟಿವ್_ಪೆಟ್ಟಿಗೆ
ಇದು ಒಪ್ಪಿದೆ. ಸ್ಕ್ಯಾನರೇ ಇರುವವರಿಗೆ ಇನ್ನೊಂದು ದಾರಿ: ಒಂದು ಸಲ ನೇರ, ಒಂದು ಸಲ 180 ಡಿಗ್ರಿ ತಿರುಗಿಸಿ ಸ್ಕ್ಯಾನ್ ಮಾಡಿ, ಒಂದರ ಮೇಲೊಂದು ಹೊಂದಿಸಿ ಮೇಲಿನದ್ದನ್ನು ಅರ್ಧ ಪಾರದರ್ಶಕ ಮಾಡಿದರೆ ಮಿನುಗು ಬಹಳಷ್ಟು ತಗ್ಗುತ್ತದೆ.

ವಾಸ್ಕೋ_ಕನ್ನಡಿಗ
ಫ್ರೇಮಿನ ಗಾಜಿಗೆ ಹತ್ತಿಕೊಂಡಿದ್ದಕ್ಕ?

ಮಾಟುಂಗ_ಮಾಲಿನಿ
ಎಳೆಯಬೇಡಿ. ಗಾಜಿನ ಸಮೇತ ತೆಗೆದು, ಹೊರಗಿನಿಂದ ಗಾಜು ಒರೆಸಿ, ಹಾಗೇ ಫೋಟೋ ತೆಗೆಯಿರಿ. ನೀರಲ್ಲಿ ನೆನೆಸಿ ಬಿಡಿಸುವ ಉಪಾಯ ಹೇಳುವವರಿದ್ದಾರೆ. ಬೂಷ್ಟಿಲ್ಲದ ಲ್ಯಾಬ್ ಪ್ರಿಂಟಿಗೆ ಮಾತ್ರ ಅದು ಯೋಚಿಸಬಹುದಾದ ಮಾತು. ಇಂಕ್‌ಜೆಟ್, ಪೋಲರಾಯ್ಡ್, ಕೈಯಿಂದ ಬಣ್ಣ ಹಾಕಿದ ಸ್ಟುಡಿಯೋ ಫೋಟೋ, ಇವು ನೀರು ಕಂಡರೆ ಹೋದ ಹಾಗೇ. ಅಜ್ಜ ಅಜ್ಜಿಯ ಮದುವೆಯ ಫೋಟೋದಂಥ ಒಂದೇ ಪ್ರತಿ ಇರುವುದಾದರೆ ಸಂರಕ್ಷಣೆ ಕಲಿತವರ ಕೈಗೆ ಕೊಡಿ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಕಲಾ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ಮೊದಲು ಕೇಳಿ ನೋಡಿ.

ಡೊಂಬಿವಲಿ_ಈಸ್ಟ್
26 ಜುಲೈ 2005ರ ನೆರೆಯಲ್ಲಿ (ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ!) ಎಷ್ಟು ಮನೆಗಳ ಆಲ್ಬಮ್ ನೀರಲ್ಲಿ ಮುಳುಗಿದವು. ಆಗ ಎಲ್ಲರೂ ಒಣಗಿಸಿದ್ದು ಬಿಸಿಲಲ್ಲೇ. ಪೂರ್ತಿ ನೆನೆದದ್ದಕ್ಕೂ ಇದೇ ನಿಯಮವಾ?

ನೆಗೆಟಿವ್_ಪೆಟ್ಟಿಗೆ
ನೆನೆದದ್ದಕ್ಕೆ ನಿಯಮ ಬೇರೆ. ಅಲ್ಲಿ ಶತ್ರು ಅಂದರೆ ಒಟ್ಟಿಗೆ ಒಣಗುವುದು. ಒಂದರ ಮೇಲೊಂದು ಅಂಟಿಕೊಂಡು ಒಣಗಿದರೆ ಇಟ್ಟಿಗೆಯಾಗುತ್ತದೆ. ಒದ್ದೆ ಇರುವಾಗಲೇ ಒಂದೊಂದಾಗಿ ಬೇರ್ಪಡಿಸಿ, ಕೆಸರಿದ್ದರೆ ತಟ್ಟೆಯ ತಣ್ಣೀರಲ್ಲಿ ಮೆಲ್ಲಗೆ ಅದ್ದಿ, ಚಿತ್ರ ಮೇಲ್ಮುಖವಾಗಿ ನೆರಳಲ್ಲಿ ಬಿಡಿಬಿಡಿಯಾಗಿ ಹಾಸಿ. ಎರಡು ದಿನದೊಳಗೆ ಆಗದಿದ್ದರೆ ನಡುನಡುವೆ ಬಟರ್ ಪೇಪರ್ ಹಾಕಿ, ಚೀಲದಲ್ಲಿ ಫ್ರೀಜರ್‌ಗೆ. ಬೂಷ್ಟು ನಿಲ್ಲುತ್ತದೆ, ಬಿಡುವಾದಾಗ ಸ್ವಲ್ಪ ಸ್ವಲ್ಪವೇ ಕರಗಿಸಿ ಮಾಡಬಹುದು. ನೋಡಿ, ಫ್ರೀಜರ್‌ನ ಸರಿಯಾದ ಜಾಗ ಇದು.

ಅಂಧೇರಿ_ಆಲೂರು
ತಾಂತ್ರಿಕ ಮಾತು ಚೆನ್ನಾಗಿದೆ, ಆದರೆ ಚೌತಿಗೆ ಎಲ್ಲರೂ ಸೇರುತ್ತಾರೆ ಅಂದಿರಲ್ಲ, ಅದಕ್ಕೆ ಹೆಚ್ಚು ಬೆಲೆಯ ಕೆಲಸ ಬೇರೆ ಇದೆ. ಹೆಸರು! ಫೋಟೋ ಇನ್ನೂ ಇಪ್ಪತ್ತು ವರ್ಷ ಬಾಳೀತು, ಅದರಲ್ಲಿರುವವರನ್ನು ಗುರುತಿಸುವವರು ಇರುವುದಿಲ್ಲ. ಸ್ಕ್ಯಾನ್‌ಗಳಿಗೆ ಕ್ರಮಸಂಖ್ಯೆ ಕೊಟ್ಟು (ಆಲ್ಬಮ್ 3, ಹಾಳೆ 7, ಫೋಟೋ 2 ಆದರೆ 3-07-2), ಎ4 ಹಾಳೆಗೆ ನಾಲ್ಕರಂತೆ ದೊಡ್ಡದಾಗಿ ಪ್ರಿಂಟ್ ಹಾಕಿ. ಹಿರಿಯರಿಗೆ ಮೊಬೈಲ್ ಪರದೆ ಕೊಡಬೇಡಿ, ಬೆರಳು ತಾಗಿ ಫೋಟೋ ಸರಿದು ಹೋಗುತ್ತದೆ, ಅವರಿಗೂ ಬೇಸರ. ಕಾಗದ ಕೈಗೆ ಕೊಟ್ಟು, ಫೋನಿನ ರೆಕಾರ್ಡರ್ ಹಚ್ಚಿ, ಸಂಖ್ಯೆ ನೀವು ಗಟ್ಟಿಯಾಗಿ ಓದಿ, ಆಮೇಲೆ ಅವರು ಮಾತಾಡಲಿ. "ಇದು ಯಾರು?" ಅಂತ ಕೇಳಿದರೆ ಒಂದು ಹೆಸರು ಬರುತ್ತದೆ. "ಇದು ಯಾರ ಮನೆ ಜಗಲಿ, ಊಟಕ್ಕೆ ಏನಿತ್ತು, ಯಾವ ಬಸ್ಸಿಗೆ ಬಂದಿದ್ದು?" ಅಂದರೆ ಇಡೀ ರಜೆ ಬರುತ್ತದೆ.

ಮಾಟುಂಗ_ಮಾಲಿನಿ
ಇದಕ್ಕೆ ಸೇರಿಸಿ: ಪ್ರಿಂಟಿನ ಬೆನ್ನಿಗೆ ಬಾಲ್‌ಪೆನ್‌ನಲ್ಲಿ ಬರೆಯಬೇಡಿ. ಒತ್ತಿದ ಗುರುತು ಎದುರಿಗೆ ಮೂಡುತ್ತದೆ, ಶಾಯಿ ಕೆಳಗಿನ ಫೋಟೋಗೆ ಹತ್ತುತ್ತದೆ. ಹಳೇ ಕಪ್ಪುಬಿಳುಪಿನ ಕಾಗದಕ್ಕೆ ಮೆತ್ತನೆ ಪೆನ್ಸಿಲ್, ಅಂಚಿನಲ್ಲಿ. ನುಣುಪು ಬೆನ್ನಿನ ಕಲರ್ ಪ್ರಿಂಟಿಗೆ ಪೆನ್ಸಿಲ್ ಹತ್ತದು, ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು ಕವರಿಗೆ ಹಾಕಿ. ಕವರ್ ಪಿವಿಸಿ ಆಗಬಾರದು, ಪಾಲಿಪ್ರೊಪಿಲೀನ್ ಅಂತ ಕೇಳಿ ತೆಗೆದುಕೊಳ್ಳಿ. ಪಿವಿಸಿ ಹಳತಾದಂತೆ ಆಮ್ಲದ ಆವಿ ಬಿಡುತ್ತದೆ. ಮೂಗಿಗೆ ಹೊಸ ರೇನ್‌ಕೋಟಿನ ವಾಸನೆ ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಬೋರಿವಲಿ_ಬೆಳಗು
ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಎಲ್ಲರ ಹತ್ತಿರವೂ ಒಂದೊಂದು ಪ್ರತಿ ಇದ್ದ ಹಾಗೆ ಅಲ್ಲವೇ, ಬೇರೆ ಬ್ಯಾಕಪ್ ಯಾಕೆ?

ಅಂಧೇರಿ_ಆಲೂರು
ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ, ಒಳಗೆ ಬರೆದಿಟ್ಟ ದಿನಾಂಕ, ಹೆಸರು ಎಲ್ಲ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಹಾಗೇ ಹೋಗುತ್ತದೆ. ಮೂಲ ಫೈಲ್‌ಗಳು ಎರಡು ಹಾರ್ಡ್ ಡಿಸ್ಕಿನಲ್ಲಿರಲಿ, ಒಂದು ಬೇರೆ ಊರಿನಲ್ಲಿ, ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿ. ಪೆನ್ ಡ್ರೈವ್ ನಂಬಬೇಡಿ. 2000ದ ದಶಕದಲ್ಲಿ ಸೀಡಿಗೆ ಬರೆದಿಟ್ಟದ್ದಿದ್ದರೆ ಈ ವಾರವೇ ನಕಲು ಮಾಡಿ, ಅವುಗಳ ಡೈ ಪದರ ಈಗಾಗಲೇ ಕೈಕೊಡುತ್ತಿದೆ.

ಶರಾವತಿ_ಥಾಣೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೂಷ್ಟಿನ ಎರಡು ಆಲ್ಬಮ್ ಬೇರೆ ಮಾಡಿದೆ. ಬಿಡಿಸುವುದು ಜನವರಿಗೆ, ಈಗ ಸ್ಕ್ಯಾನ್ ಮತ್ತು ಹೆಸರು. ಒಂದು ಆಲ್ಬಮ್ ಹಿಂದೆ ಚೌಕಾಕಾರದ ದೊಡ್ಡ ಕಪ್ಪುಬಿಳುಪು ನೆಗೆಟಿವ್‌ಗಳ ಕವರ್ ಸಿಕ್ಕಿತು, ಹನ್ನೆರಡು ಚಿತ್ರ. ಅಂಚಿನಲ್ಲಿ "ಇಂದು" (INDU) ಎಂಬ ಹೆಸರಿದೆ.

ಪುಣೇಕರ್_ಧಾರವಾಡ
ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮಾಡ್ತಿದ್ದ ಫಿಲ್ಮ್ ರೀ! ಕ್ಯಾಮರಾ ಆಗ್ಫಾ ಕ್ಲಿಕ್ 3 ಇರಬಹುದು, ಬಡೋದಾದಾಗ ತಯಾರಾಗ್ತಿತ್ತು, 120 ಫಿಲ್ಮಿಗೆ (35 ಎಂಎಂಗಿಂತ ಅಗಲದ ರೋಲು) ಹನ್ನೆರಡು ಚೌಕ ಚಿತ್ರ.

ನೆಗೆಟಿವ್_ಪೆಟ್ಟಿಗೆ
ಹಾಗಾದರೆ ಸ್ಕ್ಯಾನರ್ ಕೊಳ್ಳುವ ಮುಂಚೆ ಅದಕ್ಕೆ 120 ಫಿಲ್ಮಿನ ಹೋಲ್ಡರ್ ಇದೆಯಾ, ಮುಚ್ಚಳದಲ್ಲಿ ಅಗಲದ ಬೆಳಕಿದೆಯಾ ನೋಡಿ. ಅನೇಕ ಯಂತ್ರಗಳಲ್ಲಿ 35 ಎಂಎಂಗೆ ಮಾತ್ರ ಇರುತ್ತದೆ. 2400 ಡಿಪಿಐ ಸಾಕು, ಒಂದು ಬದಿಗೆ ಐದು ಸಾವಿರ ಪಿಕ್ಸೆಲ್ ದಾಟುತ್ತದೆ. ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯ ಆಫ್ ಮಾಡಿ, ಕಪ್ಪುಬಿಳುಪು ನೆಗೆಟಿವ್‌ನ ಬೆಳ್ಳಿಯನ್ನೇ ಅದು ಧೂಳೆಂದು ತಿಳಿದು ಚಿತ್ರ ಕೆಡಿಸುತ್ತದೆ. ಕೈಗೆ ಹತ್ತಿಯ ಕೈಗವಸು, ಅಂಚಿನಲ್ಲಷ್ಟೇ ಹಿಡಿಯಿರಿ, ಮಂಕಾದ ಬದಿ ಯಾವುದೆಂದು ಬೆಳಕಿಗೆ ಓರೆ ಮಾಡಿ ನೋಡಿ. ಚಿತ್ರ ಇರುವುದು ಆ ಬದಿಯಲ್ಲೇ, ಅದಕ್ಕೆ ಬ್ರಶ್ ಕೂಡ ಬೇಡ, ರಬ್ಬರ್ ಬುರುಡೆಯ ಬ್ಲೋವರ್‌ನಿಂದ ಊದಿದರೆ ಸಾಕು.